ಪ್ರಶ್ನೆ ತೆಗೆದವರು ಪಾಲಿಸಬೇಕಾದ ಮರ್ಯಾದೆ

ಮೂವತ್ತು ವರ್ಷ ಪರೀಕ್ಷಾ ಕೋಣೆಯಲ್ಲಿ ಒಬ್ಬ ಹುಡುಗನಿಗೂ ಪಕ್ಕಕ್ಕೆ ಕತ್ತು ಹೊರಳಿಸಲು ಬಿಡದ ಮಾಸ್ತರ ನಾನು. ಹೀಗಾಗಿ, ನಮ್ಮ ರಾಣೆಬೆನ್ನೂರಿನ ಓಣಿಯವರು ಗಂಗವ್ವನಿಗೆ ಕಿವಿ ಮಷಿನ್ ಕೊಡಿಸಲು ಸಹಾಯಾರ್ಥ ರಸಪ್ರಶ್ನೆ ನಡೆಸಲು ಹೊರಟಾಗ, ಪ್ರಶ್ನೆ ತೆಗೆಯುವ ಗುರುತರ ಹೊಣೆ ನನಗಲ್ಲದೆ ಇನ್ಯಾರಿಗೆ ಬರಬೇಕು? ಗಂಗವ್ವ ರೊಟ್ಟಿ ಮಾಡಿ ಮಾರುವವಳು. ಗಿರಾಕಿ ಬಾಗಿಲಲ್ಲಿ ನಿಂತು ಕೂಗಿದರೂ ಅವಳಿಗೆ ಕೇಳುತ್ತಿರಲಿಲ್ಲ.

ಮೂವತ್ತು ಪ್ರಶ್ನೆಗಳ ಹಾಳೆ ಸಿದ್ಧವಾಯಿತು. ಕೊಂಡವರು ಮನೆಯಲ್ಲಿ ಕೂತು, ಹದಿನೈದು ದಿನದೊಳಗೆ ಉತ್ತರ ಬರೆದು ತರಬೇಕು. ಗೆದ್ದವರಿಗೆ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ. ಹಾಳೆಯ ಕೆಳಗೆ ನಿಯಮಗಳನ್ನೂ ನಾನೇ ಅಚ್ಚು ಹಾಕಿಸಿದೆ: ಒಬ್ಬರಿಗೊಬ್ಬರು ಉತ್ತರ ಹೇಳಬಾರದು. ಪ್ರಶ್ನೆ ತೆಗೆದವರನ್ನು ಕೇಳಬಾರದು. ಅವರ ಮನೆಯವರಿಗೆ ಬಹುಮಾನವಿಲ್ಲ. ಇದು ಧರ್ಮದ ಕೆಲಸ, ಮರ್ಯಾದೆ ಕಾಯಿರಿ!

ಮರುದಿನವೇ ಬೀಜದಂಗಡಿಯ ಬಸಣ್ಣ ಬಂದು ಕೂತ. ಚಹಾ ಕುಡಿದ. ಎದ್ದು ಹೋಗಲಿಲ್ಲ.

"ಸರ್, ಹದಿನೇಳನೇದು ಒಂದ ಹೊಳೀವಲ್ತರಿ. ಹಾವೇರಿಯಿಂದ ರಾಣೆಬೆನ್ನೂರಿಗೆ ರೈಲಿನಾಗ ಬಂದ್ರ ನಡುವ ಎಷ್ಟು ಸ್ಟೇಷನ್?"

ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಲಾದೀತೇ? ಆದರೂ ನಾನು ಉತ್ತರ ಹೇಳಲಿಲ್ಲ. ಬ್ಯಾಡಗಿಯ ದಿಕ್ಕಿಗೆ ನೋಡುತ್ತ ಒಂದು ಬೆರಳು ಎತ್ತಿದೆ, ಅಷ್ಟೇ!

ಆಮೇಲೆ ಓಣಿಯೇ ಚಹಾಕ್ಕೆ ಬಂತು. ನಾನೂ ಶಿಸ್ತು ಬಿಡಲಿಲ್ಲ. ಒಬ್ಬರಿಗೆ ಒಂದೇ ಸುಳಿವು! ಬಂದವರೆಲ್ಲ ಹೊರಗೆ ನಮ್ಮದೇ ಕಟ್ಟೆಯ ಮೇಲೆ ಕೂತು ಹಾಳೆ ಹಾಳೆ ಕೂಡಿಸಿ ಬರೆಯುತ್ತಿದ್ದರು. ಜನರಿಗೆ ಓದಿನ ರುಚಿ ಹತ್ತಿತೆಂದು ನನಗೆ ಕಣ್ಣು ತುಂಬಿ ಬಂತು.

ನನ್ನ ಹೆಂಡತಿ ನಿರ್ಮಲಾ ಮಾತ್ರ ತಾನೂ ಒಂದು ಹಾಳೆ ಕೊಂಡು, ಅಡುಗೆಮನೆಯಲ್ಲಿ ಒಬ್ಬಳೇ ಬರೆದಳು. "ಏನರ ಕೇಳೂದೈತೇನು?" ಎಂದೆ. "ನಿಯಮ ನೀವ ಬರ್ದೀರಿ. ನಾ ಓದೇನಿ" ಎಂದಳು.

ಹಾಳೆ ತಿದ್ದಲು ಕೂತೆ. ಎಲ್ಲರಿಗೂ ಮೂವತ್ತಕ್ಕೆ ಮೂವತ್ತು. ನಿರ್ಮಲಾಗೆ ಮಾತ್ರ ಇಪ್ಪತ್ತೊಂಬತ್ತು.

"ಬ್ಯಾಸರ ಮಾಡ್ಕೋಬ್ಯಾಡ" ಎಂದು ಸಮಾಧಾನ ಹೇಳಿದೆ. "ಹದಿನೇಳನೇದು ತಪ್ಪೈತಿ. ನಡುವ ಇರೂದು ಬ್ಯಾಡಗಿ ಒಂದ."

ಅವಳು ಲಟ್ಟಣಿಗೆ ಕೆಳಗಿಟ್ಟಳು. "ದೇವರಗುಡ್ಡದಾಗ ಸ್ಟೇಷನ್ ಇಲ್ಲೇನ್ರಿ?"

ದೇವರಗುಡ್ಡ ಅವಳ ತವರೂರು!

"ಇಷ್ಟು ವರ್ಷ ಅಳಿಯ ಅಂತ ಕುಂತು ಹೋಳಿಗಿ ತಿಂದೀರಿ. ನಮ್ಮೂರಾಗ ರೈಲು ನಿಲ್ಲತೈತೋ ಇಲ್ಲೋ, ನೋಡಿಲ್ಲ!"

ನಾನು ಮಾವನ ಮನೆಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಆದರೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಅದಕ್ಕಿಂತ ದೊಡ್ಡ ಗಂಡಾಂತರ ಹಾಳೆಗಳಲ್ಲೇ ಇತ್ತು. ಎಲ್ಲ ಹಾಳೆಯಲ್ಲೂ ಒಂದೇ ತಪ್ಪು ಇದ್ದರೆ ಅದರ ಅರ್ಥವೇನೆಂದು ಪರೀಕ್ಷಾ ಕೋಣೆಯ ಮಾಸ್ತರನಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಾಮೂಹಿಕ ನಕಲು! ಬಸಣ್ಣನನ್ನು ಕರೆಸಿದೆ.

"ದೇವರಗುಡ್ಡದ ಸ್ಟೇಷನ್ ನಿನಗ ಗೊತ್ತಿಲ್ಲೇನೋ?"

"ಗೊತ್ತೈತ್ರಿ ಸರ್. ವಸೂಲಿಗೆ ಹೋದಾಗ ಅಲ್ಲೇ ಇಳೀತೀನಿ. ಆದ್ರ ನೀವು ಒಂದು ಬೆರಳು ತೋರಿಸಿದ ಮ್ಯಾಲ ಎರಡು ಹೆಂಗ ಬರೀಲಿ?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಚೀಟಿ ಇಟ್ಟುಕೊಂಡ ಎಷ್ಟು ಹುಡುಗರನ್ನು ನಾನು ಕೋಣೆಯಿಂದ ಹೊರಗೆ ಹಾಕಿದ್ದೆ! ಇಲ್ಲಿ ಚೀಟಿಯೇ ನಾನು.

ಬಹುಮಾನದ ದಿನ ಓಣಿಯವರೆಲ್ಲ ಶಾಮಿಯಾನದ ಕೆಳಗೆ ಸೇರಿದರು. ಮುಂದಿನ ಸಾಲಿನಲ್ಲಿ ಗಂಗವ್ವ, ಕಿವಿಯಲ್ಲಿ ಹೊಸ ಮಷಿನ್. ನಾನು ಎದ್ದು ನಿಂತು, ಹಿಂದಿನ ಸಾಲಿಗೆ ಮುಟ್ಟದಂತೆ ಮೆಲ್ಲಗೆ ತಪ್ಪೊಪ್ಪಿಕೊಂಡೆ: "ಉತ್ತರ ಹೊರಗೆ ಬಿಟ್ಟವನು ನಾನೇ. ಬಿಟ್ಟ ಉತ್ತರವೂ ತಪ್ಪು. ಹೆಂಡತಿಯ ಊರಿನ ಸ್ಟೇಷನ್ ನನಗೆ ಗೊತ್ತಿರಲಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ "ಏನಂದ್ರಿ?" ಎಂದರು. ನಾನು ಕೇಳಿಸದವನಂತೆ ಕೂರಲು ಹೊರಟೆ.

ಗಂಗವ್ವ ಸಂತೋಷ ತಾಳಲಾರದೆ ಎದ್ದು ನಿಂತಳು. "ನನಗ ಕೇಳಿಸ್ತ್ರೀ ಸರ್! ಎಲ್ಲಾ ಕೇಳಿಸ್ತು!" ಎಂದವಳೇ ಹಿಂದಕ್ಕೆ ತಿರುಗಿ, ಕಿವುಡಿಯಾಗಿದ್ದಾಗ ರೂಢಿಯಾದ ಅದೇ ದೊಡ್ಡ ದನಿಯಲ್ಲಿ, ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಇಡೀ ಓಣಿಗೆ ಹೇಳಿದಳು.