ಷಡ್ಡಕನ ಬೊಂಬೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಮರದ ಬೊಂಬೆ. ಎತ್ತರ ಮೂರೂವರೆ ಸೆಂಟಿಮೀಟರು. ತಲೆಗೆ ಹಳದಿ ಹೆಲ್ಮೆಟ್ಟು, ಮೂಗಿನ ಕೆಳಗೆ ಗೆರೆ ಎಳೆದಂಥ ಮೀಸೆ. ಅದು ಮಾಡಬೇಕಾದ ಕೆಲಸ ಒಂದೇ, ಸುಮ್ಮನೆ ನಿಂತಿರುವುದು. ದೊಡ್ಡಳಿಯನ ಬೊಂಬೆಗೆ ಅದೊಂದೇ ಬರುತ್ತಿರಲಿಲ್ಲ.

ದೊಡ್ಡಳಿಯ ಸಮುದ್ರ ಸಂಶೋಧನಾಲಯದಲ್ಲಿ ಇಂಜಿನಿಯರು. ಅಲ್ಲಿ ಉದ್ದನೆಯ ಒಂದು ಶೆಡ್ಡು, ಶೆಡ್ಡಿನ ಉದ್ದಕ್ಕೂ ಒಂದು ನೀರಿನ ಟ್ಯಾಂಕು. ಟ್ಯಾಂಕಿನ ಒಂದು ತುದಿಯಲ್ಲಿ ಗೋಡೆಯಂಥ ಹಲಗೆ ಹಿಂದೆ ಮುಂದೆ ಆಡಿ ಅಲೆ ಎಬ್ಬಿಸುತ್ತದೆ, ಇನ್ನೊಂದು ತುದಿಯ ಇಳಿಜಾರು ಆ ಅಲೆಗಳನ್ನು ನುಂಗುತ್ತದೆ. ನಡುವೆ ಹಡಗು, ಕಂಬ, ತೇಲುವ ಕಟ್ಟೆ ಮುಂತಾದವುಗಳ ಪುಟ್ಟ ಮಾದರಿಗಳನ್ನು ಬಿಟ್ಟು, ನಿಜವಾದ ಸಮುದ್ರಕ್ಕೆ ಹೋದರೆ ಅವುಗಳ ಗತಿ ಏನಾದೀತು ಎಂದು ನೋಡುತ್ತಾರೆ. ಪ್ರತಿ ಮಾದರಿಯ ಮೇಲೂ ಒಂದು ಬೊಂಬೆ ನಿಲ್ಲಿಸುವುದು ಅಲ್ಲಿನ ಪದ್ಧತಿ. ಮಾದರಿ ನಿಜವಾಗಿ ಎಷ್ಟು ದೊಡ್ಡದು ಎಂದು ನೋಡುವವರಿಗೆ ತಿಳಿಯಲಿ ಎಂದು ಶುರುವಾದದ್ದು ಅದು. ಆದರೆ ಗ್ರಾಫು ಓದಲು ಬಾರದ ಅತಿಥಿಗಳು ಬೊಂಬೆಯನ್ನೇ ನೋಡತೊಡಗಿದರು. ಬರಬರುತ್ತ ಗ್ರಾಫು ಬರೆದವರೂ ಬೊಂಬೆಯನ್ನೇ ನೋಡುವ ಹಾಗಾಯಿತು.

ಚಿಕ್ಕಳಿಯನೂ ಅಲ್ಲೇ ಇಂಜಿನಿಯರು. ದೊಡ್ಡಳಿಯನ ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ. ಮಾವನವರು ಒಮ್ಮೆ ಸಂಶೋಧನಾಲಯದ ಬಾಗಿಲಿಗೆ ಬಂದು "ನಮ್ಮ ದೊಡ್ಡಳಿಯ, ಚಿಕ್ಕಳಿಯ ಎಲ್ಲಿದ್ದಾರಪ್ಪ?" ಎಂದು ಕೇಳಿದ್ದೇ ತಡ, ಇಬ್ಬರ ಸ್ವಂತ ಹೆಸರುಗಳು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದವು.

ಷಡ್ಡಕ ದೂರದ ಊರಿನಲ್ಲಿದ್ದರೆ ವರ್ಷಕ್ಕೊಮ್ಮೆ ಹೊಟ್ಟೆ ಉರಿದು ಆರುತ್ತದೆ. ಪಕ್ಕದ ಮೇಜಿನಲ್ಲೇ ಕೂತಿದ್ದರೆ ಒಲೆ ಆರುವುದೆಂತು? ಚಿಕ್ಕಳಿಯನ ತಲೆಯ ಒಂದು ಕೂದಲೂ ಉದುರಿರಲಿಲ್ಲ. ಅವನ ಬೀರುವಿನಲ್ಲಿ ಇಸ್ತ್ರಿ ಮಾಡಿದ ಇನ್ನೊಂದು ಪ್ಯಾಂಟು ಸದಾ ಇರುತ್ತಿತ್ತು. ಅವನು ಜೋಕು ಹೇಳಿದರೆ ಮಾವನವರು ಮುಗಿಯುವ ಮೊದಲೇ ನಗುತ್ತಿದ್ದರು. ದೊಡ್ಡಳಿಯ ಹೇಳಿದರೆ, ಮುಗಿದ ಮೇಲೆ "ಆಮೇಲೇನಾಯ್ತು?" ಎನ್ನುತ್ತಿದ್ದರು. ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಆದರೆ ಎಂಥ ಅಲೆ ಬಂದರೂ ಚಿಕ್ಕಳಿಯನ ಬೊಂಬೆ ಬೀಳುತ್ತಿರಲಿಲ್ಲ, ಅದನ್ನು ಮಾತ್ರ ದೊಡ್ಡಳಿಯನಿಗೆ ಸಹಿಸಲಾಗುತ್ತಿರಲಿಲ್ಲ.

ಇವತ್ತು ಹತ್ತು ಗಂಟೆಗೆ ಸಮಿತಿ ಬರುವುದಿತ್ತು. ಇಬ್ಬರೂ ಮೂರು ವರ್ಷ ಕೂತು ಒಂದೊಂದು ತೇಲುವ ಕಟ್ಟೆಯ ಮಾದರಿ ಮಾಡಿದ್ದರು. ಒಂದನ್ನು ಪೂರ್ತಿ ಗಾತ್ರದಲ್ಲಿ ಕಟ್ಟಿ ಸಮುದ್ರಕ್ಕೆ ಇಳಿಸುತ್ತಾರೆ, ಇನ್ನೊಂದು ಅಲ್ಲಿನ ಬಡಗಿಯ ಅಟ್ಟಕ್ಕೆ ಹೋಗುತ್ತದೆ. ಗ್ರಾಫಿನಲ್ಲಿ ಎರಡೂ ಅವಳಿ ಮಕ್ಕಳ ಹಾಗೆ ಸಮಸಮ. ಹೀಗಾಗಿ ತೀರ್ಮಾನ ಬೊಂಬೆಯ ಕಾಲ ಮೇಲೆ ನಿಂತಿತ್ತು.

ಆ ಕಾಲಿನ ಕತೆಯನ್ನೂ ಹೇಳಿಬಿಡಬೇಕು. ಬಡಗಿ ಎರಡೂ ಬೊಂಬೆಗಳನ್ನು ಒಂದೇ ಮರದಲ್ಲಿ ಕೆತ್ತಿದ್ದ. ದೊಡ್ಡಳಿಯ ತನ್ನದನ್ನು ತೂಗಿ ನೋಡಿದ. ಎರಡು ಗ್ರಾಂ. ಎಪ್ಪತ್ತು ಕಿಲೋ ಮನುಷ್ಯನನ್ನು ಮಾದರಿಯ ಅಳತೆಗೆ ಇಳಿಸಿದರೆ ಅರ್ಧ ಗ್ರಾಮಿಗಿಂತ ಚೂರು ಹೆಚ್ಚು ಬರಬೇಕು, ಇದು ವಿಜ್ಞಾನಕ್ಕೆ ದ್ರೋಹ ಎಂದು ಮೂರು ಪುಟದ ಟಿಪ್ಪಣಿ ಬರೆದು ಮೇಲಿನವರಿಗೆ ಕಳಿಸಿದ. ಚಿಕ್ಕಳಿಯ ಓದಿ ನಕ್ಕು ಸುಮ್ಮನಾದ. ದೊಡ್ಡಳಿಯ ಬಡಗಿಯ ಬೆನ್ನು ಹತ್ತಿ ತನ್ನ ಬೊಂಬೆಯ ಕಾಲುಗಳನ್ನು ಒಳಗಿನಿಂದ ಕೊರೆಸಿ, ತಳಕ್ಕೆ ಕಪ್ಪು ಬಣ್ಣ ಬಳಿಸಿದ. ತೂಕ ಸರಿಯಾಯಿತು. ಆದರೆ ಕಾಲು ಟೊಳ್ಳು, ತಲೆ ಗಟ್ಟಿ. ಅಂದಿನಿಂದ ಯಾರಾದರೂ ಹತ್ತಿರ ಕೆಮ್ಮಿದರೂ ಅದು ಬೀಳುತ್ತಿತ್ತು. ಈಗ ಅದನ್ನು ಮತ್ತೆ ಭಾರ ಮಾಡಿಸೋಣವೆಂದರೆ ಆ ಮೂರು ಪುಟ ಅಡ್ಡ ಬರುತ್ತಿತ್ತು.

ಬೆಳಗ್ಗೆ ಹೆಂಡತಿ ಅವನ ಮುಖ ನೋಡಿ, "ಯಾಕ್ರೀ, ತಟ್ಟೆಯಲ್ಲಿ ಹಾಕಿದ್ದು ಹಾಕಿದ ಹಾಗೇ ಇದೆ?" ಎಂದಳು.

"ನಿನ್ನ ತಂಗಿ ಗಂಡನ ಬೊಂಬೆ ಇವತ್ತೂ ನಿಲ್ಲುತ್ತೆ. ನಂದು ಇವತ್ತೂ ಬೀಳುತ್ತೆ. ಆಮೇಲೆ ನಿಮ್ಮಪ್ಪ ಫೋನ್ ಮಾಡಿ ಸಮಾಧಾನ ಹೇಳ್ತಾರೆ. ಅದನ್ನ ನೆನೆಸ್ಕೊಂಡ್ರೆ ಗಂಟಲಲ್ಲಿ ಇಳಿಯಲ್ಲ."

"ಇವತ್ತು ನಿಮ್ಮದೇ ನಿಲ್ಲುತ್ತೆ, ನೋಡ್ತಿರಿ. ನೀವು ಏನೂ ಮಾಡೋಕೆ ಹೋಗ್ಬೇಡಿ. ಇವತ್ತೊಂದು ದಿನ ಸುಮ್ನಿರಿ, ಸಾಕು."

ಹೆಂಡತಿಯ ಸಮಾಧಾನ ಕೂಡ ಅವನಿಗೆ ಚುಚ್ಚುಮಾತಿನ ಹಾಗೆ ಕೇಳಿಸಿತು. ಇವಳಿಗೇನು ಗೊತ್ತು ಅಲೆ, ಕಟ್ಟೆ, ತೂಕ? ಅವನು ಬೇಗ ಬೇಗ ಚಪ್ಪಲಿ ಮೆಟ್ಟಿ ಹೊರಟ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಯೋಚನೆ ಸುತ್ತುತ್ತಿತ್ತು. ಎರಡು ಬೊಂಬೆಗಳೂ ನೋಡಲು ಒಂದೇ. ಅದರದು ಇದಕ್ಕೆ, ಇದರದು ಅದಕ್ಕೆ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಎಂಟೂಕಾಲಿಗೆ ಶೆಡ್ಡಿನಲ್ಲಿ ನರಪಿಳ್ಳೆ ಇರಲಿಲ್ಲ. ಎರಡು ಕಟ್ಟೆಗಳೂ ಟ್ಯಾಂಕಿನ ನಡುವೆ ಅಕ್ಕಪಕ್ಕ ತೇಲುತ್ತಿದ್ದವು, ಬೊಂಬೆಗಳು ಮೇಲೆ ನಿಂತಿದ್ದವು. ಬರಿಗೈ ತಾಗಿದರೆ ನೀರಿಗೆ ಎಣ್ಣೆ ಜಿಡ್ಡು ಹತ್ತುತ್ತದೆ ಎಂಬ ನಿಯಮವಿದ್ದುದರಿಂದ ದೊಡ್ಡಳಿಯ ದಪ್ಪ ರಬ್ಬರಿನ ಕೈಗವಸು ಹಾಕಿಕೊಂಡ. ಕಳ್ಳತನಕ್ಕೆ ಹೊರಟವನು ನಿಯಮ ಮುರಿಯಬಾರದಲ್ಲ. ಸಣ್ಣ ರಬ್ಬರ್ ದೋಣಿಯಲ್ಲಿ ಕೂತು, ಉಸಿರು ಬಿಗಿಹಿಡಿದು ಹುಟ್ಟು ಹಾಕಿದ. ಆ ಕೈಗವಸಿನಲ್ಲಿ ಬೊಂಬೆಯೂ ಒಂದೇ, ಬೆಂಕಿಕಡ್ಡಿಯೂ ಒಂದೇ. ಆದರೂ ಷಡ್ಡಕನ ಕಟ್ಟೆಯ ಬೊಂಬೆಯನ್ನು ಎತ್ತಿ ತನ್ನ ಕಟ್ಟೆಯ ಮೇಲಿಟ್ಟು, ತನ್ನ ಕಟ್ಟೆಯದನ್ನು ಅವನದರ ಮೇಲಿಟ್ಟ. ಮೂರು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

ತಣ್ಣಗಾದದ್ದು ಹೊಟ್ಟೆಯೊಂದೇ ಅಲ್ಲ. ದಡಕ್ಕೆ ಬಂದು ಕಾಲಿಡುವಾಗ ದೋಣಿ ಹಿಂದಕ್ಕೆ ಸರಿಯಿತು. ಒಂದು ಕಾಲು ದಡದಲ್ಲಿ, ಇನ್ನೊಂದು ದೋಣಿಯಲ್ಲಿ ಅಗಲವಾಗುತ್ತ ಅಗಲವಾಗುತ್ತ ಹೋಗಿ, ದೊಡ್ಡಳಿಯ ಸೊಂಟದವರೆಗೆ ನೀರಿನಲ್ಲಿ ಇಳಿದ. ಪುಣ್ಯಕ್ಕೆ ನಡುವಿನ ಬೊಂಬೆಗಳು ಓಲಾಡಿದವೇ ಹೊರತು ಬೀಳಲಿಲ್ಲ.

ಅವನು ತೊಟ್ಟಿಕ್ಕುತ್ತ ಹೊರಗೆ ಬಂದಾಗ ಎದುರಿಗೇ ಚಿಕ್ಕಳಿಯ.

"ಅಯ್ಯೋ ಭಾವ, ಏನಿದು ಒದ್ದೆ?"

"ನಲ್ಲಿ," ಎಂದ ದೊಡ್ಡಳಿಯ. "ಜೋರಾಗಿ ತಿರುಗಿಸ್ಬಿಟ್ಟೆ."

"ಸಮಿತಿ ಬರೋ ಹೊತ್ತಿಗೆ ಹೀಗಿದ್ರೆ ಹೇಗೆ? ನನ್ನ ಬೀರುವಲ್ಲಿ ಇನ್ನೊಂದು ಪ್ಯಾಂಟಿದೆ, ಬನ್ನಿ."

ಆ ಪ್ಯಾಂಟು! ಅದರ ಮಡಿಕೆಯನ್ನು ನೋಡಿ ನೋಡಿ ದೊಡ್ಡಳಿಯ ಎಷ್ಟು ಸಲ ಹಲ್ಲು ಕಡಿದಿದ್ದನೋ. ಈಗ ಅದನ್ನೇ ಹಾಕಿಕೊಳ್ಳಬೇಕಾಯಿತು. ಸೊಂಟದಲ್ಲಿ ಬಿಗಿ, ಕಾಲಲ್ಲಿ ಉದ್ದ. ಷಡ್ಡಕ ತನಗಿಂತ ತೆಳ್ಳಗೂ ಇದ್ದಾನೆ, ಎತ್ತರವೂ ಇದ್ದಾನೆ ಎಂಬುದನ್ನು ಆ ಪ್ಯಾಂಟು ಹೆಜ್ಜೆ ಹೆಜ್ಜೆಗೂ ನೆನಪಿಸುತ್ತಿತ್ತು. ಅವನ ಒದ್ದೆ ಪ್ಯಾಂಟನ್ನು ಚಿಕ್ಕಳಿಯನೇ ಹಿಂಡಿ ಕಿಟಕಿಗೆ ನೇತುಹಾಕಿದ. ಇಷ್ಟು ಒಳ್ಳೆಯವನಾಗಿರಲು ಇವನಿಗೇನು ಧಾಡಿ ಎಂದು ದೊಡ್ಡಳಿಯನಿಗೆ ಇನ್ನಷ್ಟು ಉರಿಯಿತು.

ಅಷ್ಟರಲ್ಲಿ ಅಲೆ ಯಂತ್ರ ನಡೆಸುವವನು ತಿಂಡಿ ಮುಗಿಸಿ ಬಂದ. ಅವನಿಗೆ ಶಾಂತಪ್ಪ ಎಂದು ಅಡ್ಡಹೆಸರು. ಒಂದು ಅಲೆ ಬಿಟ್ಟ ಮೇಲೆ ಇಪ್ಪತ್ತು ನಿಮಿಷ "ನೀರು ಶಾಂತ ಆಗ್ಲಿ" ಎಂದು ಎಲ್ಲರನ್ನೂ ಕಾಯಿಸುತ್ತಿದ್ದುದರಿಂದ ಬಂದ ಹೆಸರು. ಅವನು ಏಳು ಗಂಟೆಗೇ ಬಂದು, ಅಲೆ ಅಳೆಯುವ ಕಡ್ಡಿಗಳನ್ನು ಚಾಲು ಮಾಡಿಟ್ಟು ತಿಂಡಿಗೆ ಹೋಗುತ್ತಿದ್ದ. ಈಗ ಕಂಪ್ಯೂಟರಿನ ಪರದೆ ನೋಡಿದವನೇ ಹುಬ್ಬು ಗಂಟಿಕ್ಕಿದ.

"ಯಾರ್ರೀ ನನ್ನ ನೀರು ಕಲಕಿದ್ದು? ಏಳೂವರೆಗೆ ಒಂದು ಸಲ. ಎಂಟೂಕಾಲಿಗೆ ಇನ್ನೊಂದು ಸಲ. ಎರಡನೇದಂತೂ ಎಮ್ಮೆ ಇಳಿದ ಹಾಗಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ದೊಡ್ಡಳಿಯನ ಕೈ ಪ್ಯಾಂಟಿನ ಮೇಲೆ ಹೋಯಿತು. ಚಿಕ್ಕಳಿಯನೂ ಯಾಕೋ ಕೆಮ್ಮಿ ಕಿಟಕಿಯತ್ತ ನೋಡಿದ. "ಕಪ್ಪೆ ಇರ್ಬೇಕು ಬಿಡಯ್ಯ," ಎಂದ ದೊಡ್ಡಳಿಯ. ಏಳೂವರೆಯದು ಯಾರದೆಂದು ಅವನು ಯೋಚಿಸಲಿಲ್ಲ. ತನ್ನದೊಂದೇ ಅವನಿಗೆ ಸಾಕಾಗಿತ್ತು.

ಹತ್ತಕ್ಕೆ ಸಮಿತಿ ಬಂತು. ಅಧ್ಯಕ್ಷೆ ನರೆತ ಕೂದಲಿನ, ಕಡಿಮೆ ಮಾತಿನ ಹೆಂಗಸು. "ಗ್ರಾಫ್ ಎರಡೂ ಓದಿದ್ದೀನಿ. ವ್ಯತ್ಯಾಸ ಇಲ್ಲ. ಅಲೆ ಬಿಡಿ, ನೋಡೋಣ," ಎಂದರು.

ಮೊದಲು ಸಣ್ಣ ಅಲೆ. ಎರಡು ಬೊಂಬೆಗಳೂ ನಿಂತವು. ನೀರು ಶಾಂತವಾಗಲು ಇಪ್ಪತ್ತು ನಿಮಿಷ. ಆಮೇಲೆ ನಡುವಿನ ಅಲೆ. ದೊಡ್ಡಳಿಯನ ಕಟ್ಟೆಯ ಬೊಂಬೆ ಮೆಲ್ಲಗೆ ತಿರುಗಿ ಅವನಿಗೆ ಬೆನ್ನು ಹಾಕಿತು. ಪರವಾಗಿಲ್ಲ, ಅದು ಷಡ್ಡಕನ ಬೊಂಬೆ, ಬೀಳುವ ಜಾತಿಯದಲ್ಲ ಎಂದು ಅವನು ಮುಗುಳ್ನಕ್ಕ. ಮತ್ತೆ ಇಪ್ಪತ್ತು ನಿಮಿಷ. ಕೊನೆಗೆ ಬಿರುಗಾಳಿಯ ಅಲೆ ಎದ್ದು ಬಂದು ಎರಡು ಕಟ್ಟೆಗಳ ಮೇಲೂ ಹಾಯಿತು. ಚಿಕ್ಕಳಿಯನ ಕಟ್ಟೆಯ ಬೊಂಬೆ ಕಂಬದ ಹಾಗೆ ನಿಂತಿತ್ತು. ದೊಡ್ಡಳಿಯನ ಕಟ್ಟೆಯ ಬೊಂಬೆ ಬಗ್ಗಿತು, ಎದ್ದಿತು, ಮತ್ತೆ ಬಗ್ಗಿ ತಲೆಕೆಳಗಾಗಿ ನೀರಿಗೆ ಹೋಯಿತು.

ಬೀಳದ ಬೊಂಬೆಯೂ ಬಿದ್ದಿತೆಂದರೆ ದೋಷ ಬೊಂಬೆಯದಲ್ಲ, ತನ್ನ ಕಟ್ಟೆಯದೇ. ಮೂರು ವರ್ಷ ದಂಡವಾಯಿತು. ದೊಡ್ಡಳಿಯನಿಗೆ ನಿಜಕ್ಕೂ ಅಳು ಬರುವಂತಾಯಿತು.

ಅಧ್ಯಕ್ಷೆ ಅವನ ಮುಖ ನೋಡಿದರು. "ಒಂದು ಸಲ ಬಿದ್ದಿದ್ದಕ್ಕೆ ತೀರ್ಮಾನ ಮಾಡೋದು ಸರಿಯಲ್ಲ. ಇಬ್ಬರಿಗೂ ಇನ್ನೊಂದು ತಿಂಗಳು ಕೊಡೋಣ. ಮತ್ತೆ ನೋಡೋಣ."

ಹೋದ ಜೀವ ಬಂದಂತಾಯಿತು. ಆಗಲೇ ಚಿಕ್ಕಳಿಯ ಗಂಟಲು ಸರಿಮಾಡಿಕೊಂಡು ಮುಂದೆ ಬಂದ.

"ಮೇಡಂ, ನಾನೊಂದು ವಿಷಯ ಮುಚ್ಚಿಡಬಾರದು. ಬೊಂಬೆಗಳ ತೂಕದಲ್ಲಿ ವ್ಯತ್ಯಾಸ ಇದೆ. ಭಾವಂದು ಟೊಳ್ಳು, ನಂದು ಗಟ್ಟಿ. ನಿನ್ನೆ ಸಂಜೆ ಅಕ್ಕ ಫೋನ್ ಮಾಡಿ, ಮನೆಯಲ್ಲಿ ಇವರು ಊಟ ಬಿಟ್ಟಿದ್ದಾರೆ, ಏನಾದ್ರೂ ಮಾಡು ಅಂದ್ರು. ನನಗೂ ನ್ಯಾಯ ಅನ್ನಿಸ್ತು. ಬೆಳಗ್ಗೆ ಏಳೂವರೆಗೆ ಬಂದು ನಾನೇ ಅದಲು ಬದಲು ಮಾಡಿದೆ. ಗಟ್ಟಿದು ಭಾವನ ಕಟ್ಟೆಗೆ ಇಟ್ಟೆ, ಟೊಳ್ಳು ನಾನಿಟ್ಕೊಂಡೆ."

ದೊಡ್ಡಳಿಯ ನಿಂತಲ್ಲೇ ಲೆಕ್ಕ ಹಾಕಿದ. ಏಳೂವರೆಗೆ ಇವನು ಬದಲಿಸಿದ. ಎಂಟೂಕಾಲಿಗೆ ನಾನು ಬದಲಿಸಿದೆ. ಅಂದರೆ ಬಿದ್ದದ್ದು ತನ್ನ ಟೊಳ್ಳು ಬೊಂಬೆಯೇ, ಕಟ್ಟೆಯಲ್ಲಿ ಏನೂ ದೋಷವಿಲ್ಲ. ಕುಣಿದಾಡುವಷ್ಟು ಸಂತೋಷವಾಯಿತು. ಆದರೆ ಅದನ್ನು ಹೇಳುವುದು ಯಾವ ಬಾಯಲ್ಲಿ? ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಹಾಗಾದ್ರೆ ಟೊಳ್ಳು ಬೊಂಬೆ ಇದ್ರೂ ನಿಮ್ಮದು ನಿಂತಿತು," ಎಂದರು ಅಧ್ಯಕ್ಷೆ, "ಗಟ್ಟಿ ಬೊಂಬೆ ಇದ್ರೂ ಇವರದು ಬಿತ್ತು. ಇದು ದೊಡ್ಡ ವಿಷಯ. ಎರಡನ್ನೂ ತೂಗಿ ಬರೆದುಕೊಳ್ಳೋಣ. ತಕ್ಕಡಿ ಎಲ್ಲಿದೆ?"

ಬಡಗಿ ಸಣ್ಣ ತಕ್ಕಡಿ ತರಲು ಓಡಿದ. ಶಾಂತಪ್ಪ ಬಿದ್ದ ಬೊಂಬೆಯನ್ನು ಬಲೆಯಿಂದ ಎತ್ತಿ ಅಂಗೈ ಮೇಲಿಟ್ಟುಕೊಂಡು, ಒಮ್ಮೆ ಮೇಲೆ ಕೆಳಗೆ ಆಡಿಸಿ ದೊಡ್ಡಳಿಯನನ್ನೇ ನೋಡಿದ. ಅವನ ಹಿಂದೆ ಪರದೆಯ ಮೇಲೆ ಎಂಟೂಕಾಲಿನ ಎಮ್ಮೆ ಅಲೆ ಹಾಗೇ ಇತ್ತು. ಕಿಟಕಿಯಲ್ಲಿ ಒದ್ದೆ ಪ್ಯಾಂಟು ಗಾಳಿಗೆ ಆಡುತ್ತಿತ್ತು. ತೂಗಿದರೆ ಮುಗಿಯಿತು. ಟೊಳ್ಳು ಬೊಂಬೆ ವಾಪಸ್ಸು ತನ್ನ ಕಟ್ಟೆಗೆ ಹೇಗೆ ಬಂತು ಎಂದು ಕೇಳುತ್ತಾರೆ, ಉತ್ತರ ಕಿಟಕಿಯಲ್ಲೇ ತೂಗಾಡುತ್ತಿದೆ.

"ತೂಗೋದು ಬೇಡ ಮೇಡಂ," ಎಂದ ದೊಡ್ಡಳಿಯ. ಅವನ ದನಿ ಅವನಿಗೇ ಬೇರೆಯವರದೆನ್ನಿಸಿತು. "ಬೊಂಬೆದು ಏನೂ ತಪ್ಪಿಲ್ಲ. ನನ್ನ ಕಟ್ಟೆನೇ ಸರಿ ಇಲ್ಲ. ನಾನೇ ಒಪ್ಕೋತೀನಿ."

ಅಧ್ಯಕ್ಷೆ ಕನ್ನಡಕ ತೆಗೆದರು. "ಇಷ್ಟು ವರ್ಷದಲ್ಲಿ ಹೀಗೆ ಬಾಯಿಬಿಟ್ಟು ಒಪ್ಪಿಕೊಂಡ ಇಂಜಿನಿಯರ್‌ನ ನಾನು ನೋಡಿಲ್ಲ. ಸಮುದ್ರಕ್ಕೆ ಚಿಕ್ಕಳಿಯನವರದೇ ಹೋಗಲಿ. ನಿಮ್ಮ ಕಟ್ಟೆ ಯಾಕೆ ಸರಿ ಇಲ್ಲ ಅಂತ ನೀವೇ ಒಂದು ವರದಿ ಬರೆದುಕೊಡಿ. ನಿಮ್ಮ ಬರವಣಿಗೆ ನನಗೆ ಇಷ್ಟ. ಆ ಮೂರು ಪುಟದ ಟಿಪ್ಪಣಿ ಓದಿದ್ದೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕಳಿಯ ಕಣ್ಣು ಒರೆಸಿಕೊಂಡು "ನಿಮ್ಮಷ್ಟು ದೊಡ್ಡ ಮನಸ್ಸು ನನಗಿಲ್ಲ ಭಾವ," ಎಂದ. ಷಡ್ಡಕನಿಗೆ ಇಲ್ಲದ್ದು ತನಗಿದೆ ಎಂದು ಮೂರು ವರ್ಷದಲ್ಲಿ ಯಾರಾದರೂ ಹೇಳಿದ್ದು ಅದೇ ಮೊದಲು. ದೊಡ್ಡಳಿಯನಿಗೆ ಅದರಿಂದ ಒಂದಿಷ್ಟೂ ಸುಖವಾಗಲಿಲ್ಲ.

ಸಮಿತಿ ಹೋದ ಮೇಲೆ ಶಾಂತಪ್ಪ ಹತ್ತಿರ ಬಂದು ಬೊಂಬೆಯನ್ನು ಅವನ ಜೇಬಿಗೆ ಹಾಕಿದ. ಹತ್ತಿಯಷ್ಟು ಹಗುರವಾಗಿತ್ತು.

"ಎಂಟೂಕಾಲಿಗೆ ನೀರು ಕಲಕದೇ ಇದ್ದಿದ್ರೆ ನೀವೇ ಗೆಲ್ತಿದ್ರಿ ಅಲ್ವಾ ಸಾರ್?" ಎಂದು ಪಿಸುಗುಟ್ಟಿ, ಯಂತ್ರ ಒರೆಸಲು ಹೋದ.

ಸಂಜೆ ದೊಡ್ಡಳಿಯ ಷಡ್ಡಕನ ಪ್ಯಾಂಟಿನಲ್ಲೇ ಮನೆಗೆ ಬಂದ. ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಹೆಂಡತಿ ಬಾಗಿಲಲ್ಲೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಪಾಪ, ಅವರು ಅಂಥ ಗಟ್ಟಿ ಬೊಂಬೆ ಕೊಟ್ರೂ ನಿಲ್ಲಿಸ್ಕೊಳ್ಳೋಕೆ ಆಗ್ಲಿಲ್ವಾ ನಿಮಗೆ?" ಎಂದಳು. "ಸುಮ್ನಿರಿ ಅಂತ ಅಷ್ಟು ಹೇಳಿ ಕಳಿಸಿದ್ದೆ. ಅಪ್ಪ ಎರಡು ಸಲ ಫೋನ್ ಮಾಡಿದ್ರು. ಸಮಾಧಾನ ಹೇಳ್ಬೇಕಂತೆ."