ತುಂಗತ್ತೆಯ ಪುಸ್ತಕದ ನಾಲ್ಕು ಹಾಳೆ

ಕಳೆದುಹೋದ ವಸ್ತುವನ್ನು ಮೊದಲು ಮನೆಯಲ್ಲೇ ಹುಡುಕಬೇಕೆಂಬ ಬುದ್ಧಿ ನನಗೆ ಯಾವತ್ತೂ ಬಂದದ್ದಿಲ್ಲ. ಒಮ್ಮೆ ಕೊಡೆ ಕಾಣದಾದಾಗ ತಾಲೂಕು ಕಚೇರಿ, ಕ್ಷೌರದಂಗಡಿ, ಹತ್ತಿ ಮಾರ್ಕೆಟ್ಟಿನ ಎದುರಿನ ಚಹಾದಂಗಡಿ ಎಲ್ಲ ಕಡೆ ವಿಚಾರಿಸಿ, ಚಹಾದವನ ಮೇಲೆ ಒಂದಿಷ್ಟು ಅನುಮಾನವನ್ನೂ ಪಟ್ಟು ಮನೆಗೆ ಬಂದರೆ, ಕೊಡೆ ಬಾಗಿಲ ಹಿಂದೆ ತೂಗುತ್ತಿತ್ತು. ತಿರುಗಿದ್ದರಿಂದ ಊರಿನ ನಾಲ್ಕು ಸುದ್ದಿಯಾದರೂ ತಿಳಿದವಲ್ಲ ಎಂದು ಸಮಾಧಾನಪಟ್ಟುಕೊಂಡೆ. ಈ ಸ್ವಭಾವವನ್ನು ನಾನು ಚುರುಕುತನ ಎಂದೇ ತಿಳಿದಿದ್ದೆ. ತುಂಗತ್ತೆಯ ಪುಸ್ತಕದ ಪ್ರಸಂಗವಾಗದಿದ್ದರೆ ಈಗಲೂ ಹಾಗೇ ತಿಳಿದಿರುತ್ತಿದ್ದೆ.

ಎಂಬತ್ತರ ಆಸುಪಾಸಿನ ಮಾತು. ಹಿಂದಿನ ಕಾಲದ ಹೆಂಗಸರು ಬರೆದ, ಈಗ ಎಲ್ಲೂ ಸಿಗದ ಪುಸ್ತಕಗಳಿದ್ದರೆ ತಿಳಿಸಿರೆಂದು ದೂರದ ಒಂದು ಗ್ರಂಥಾಲಯದವರು ಪತ್ರಿಕೆಯಲ್ಲಿ ಕೇಳಿದ್ದರು. ನಾನು ಪುಸ್ತಕವಿಟ್ಟ ಪೆಟ್ಟಿಗೆಯನ್ನು ತೆರೆದೂ ನೋಡದೆ, ನನ್ನ ಸೋದರತ್ತೆ ತುಂಗಾಬಾಯಿ ಬರೆದ 'ಹೊಸ ಮನೆಗೆ ಹೋಗುವ ಮಗಳಿಗೆ' ಎಂಬ ಪುಸ್ತಕದ ಸಂಪೂರ್ಣ ಪ್ರತಿ ಆದೋನಿಯ ನಮ್ಮ ಮನೆಯಲ್ಲಿದೆಯೆಂದು ಕಾರ್ಡು ಗೀಚಿದೆ. 'ಸಂಪೂರ್ಣ' ಎಂಬುದಕ್ಕೆ ಅಡಿಗೆರೆಯನ್ನೂ ಎಳೆದೆ. ಒಂದು ಬುಧವಾರ ವಿಮಲಾ ಎಂಬವರು ಕ್ಯಾಮೆರಾ, ಸ್ಟ್ಯಾಂಡು, ಎರಡು ದೀಪಗಳ ಸಮೇತ ಬಂದೇಬಿಟ್ಟರು. ಪುಟಪುಟವನ್ನೂ ಫೋಟೋ ತೆಗೆದು ಫಿಲ್ಮಿನ ಸುರುಳಿಗೆ ಇಳಿಸುತ್ತಾರಂತೆ. ಇಡೀ ಪುಸ್ತಕ ಅಂಗೈಯಷ್ಟು ಡಬ್ಬಿಯಲ್ಲಿ ಕೂರುತ್ತದೆ, ಮುಂದೆ ದೀಪದ ಯಂತ್ರಕ್ಕೆ ಸಿಕ್ಕಿಸಿದರೆ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ ಎಂದರು. ನನಗೆ ಕುತೂಹಲ ತಡೆಯಲಿಲ್ಲ. ಎಂಜಲು ಹಚ್ಚದೆ ಪುಟ ತಿರುವುವುದು ಹೇಗೆ, ಕರೆಂಟು ಹೋದರೆ ಬರೆದವರ ಗತಿಯೇನು ಎಂದೆಲ್ಲ ಕೇಳಿದೆ. ಪಾಪ, ಎಲ್ಲಕ್ಕೂ ಉತ್ತರ ಕೊಟ್ಟು, "ಪುಸ್ತಕ ತನ್ನಿ" ಎಂದರು.

ತಂದೆ. ಹೊಲಿಗೆ ಬಿಚ್ಚಿದ, ಹಪ್ಪಳದಂತೆ ಮುರಿಯುವ ಹಾಳೆಗಳು. ವಿಮಲಾ ಮೆಲ್ಲಗೆ ಎಣಿಸಿ ತಲೆಯೆತ್ತಿದರು. ನಾಲ್ಕು ಹಾಳೆ ಇಲ್ಲ! "ಅರೆಬರೆ ಪುಸ್ತಕ ತೆಗೆಯುವುದಿಲ್ಲ. ಇರುವ ಫಿಲ್ಮು ಸ್ವಲ್ಪ, ಶನಿವಾರ ಸಂಜೆ ನನ್ನ ರೈಲು. ಇನ್ನೊಂದು ಪ್ರತಿ ಎಲ್ಲೂ ಸಿಕ್ಕಿಲ್ಲ. ಇದು ಹೋದರೆ ಹೋಯಿತು" ಎಂದರು. ನನಗೆ ನಿಜವಾಗಿ ಸಂಕಟವಾಯಿತು. ಮದುವೆಯಾಗಿ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ತುಂಗತ್ತೆ ನಮ್ಮನ್ನೆಲ್ಲ ಸಾಕಿದವಳು. ನಾಲ್ಕು ವರ್ಷದಲ್ಲಿ ಕಂಡದ್ದನ್ನೇ ಬರೆದು ಅಚ್ಚು ಹಾಕಿಸಿದ್ದಳು. ಅವಳು ತೀರಿಕೊಂಡ ಮೇಲೆ ಅವಳ ಹೆಸರು ಇರುವುದು ಆ ಪುಸ್ತಕದ ಮೇಲೊಂದೇ. ಮನೆಯ ಬಾಗಿಲಿಗೂ ಇಲ್ಲ, ಲಗ್ನಪತ್ರಿಕೆಗಳಲ್ಲೂ ಇಲ್ಲ.

ಹಾಳೆಗಳು ಹೋದದ್ದೆಲ್ಲಿಗೆ ಎಂದು ಯೋಚಿಸುತ್ತಿರುವಾಗ ನನ್ನ ಮೂವರು ತಂಗಿಯರ ಮದುವೆ ನೆನಪಾಯಿತು. ನಮ್ಮಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮುತ್ತೈದೆಯರು ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿನ ಹಾಕಿ ಉಡಿ ತುಂಬುತ್ತಾರೆ. ತುಂಗತ್ತೆ ಆ ಹೊತ್ತಿಗೆ ಒಳಗಿನ ಕೋಣೆಯಲ್ಲಿರಬೇಕು, ಅದು ಪದ್ಧತಿ. ಅದಕ್ಕೆ ಅವಳು ಹಿಂದಿನ ದಿನವೇ ಪುಸ್ತಕದಿಂದ ಒಂದು ಹಾಳೆ ಬಿಡಿಸಿ ಮದುಮಗಳ ಟ್ರಂಕಿನ ತಳದಲ್ಲಿ ಇಡುತ್ತಿದ್ದಳು. ಯಾವ ಮನೆಗೆ ಹೋಗುತ್ತಾಳೋ ಆ ಮನೆಗೆ ತಕ್ಕ ಹಾಳೆ. ಹಾಗಾದರೆ ಮೂರರ ಲೆಕ್ಕ ಸಿಕ್ಕಿತು. ನಾಲ್ಕನೆಯದು? ನಮ್ಮ ಮನೆಯಿಂದ ಮದುವೆಯಾಗಿ ಹೋದ ನಾಲ್ಕನೆಯ ಹುಡುಗಿಯೇ ಇಲ್ಲ. ಯಾವಳೋ ಒಬ್ಬಳು ಎರಡು ಹೊಡೆದಿದ್ದಾಳೆ ಎಂದು ತೀರ್ಮಾನಿಸಿದೆ. ಹೆಂಡತಿ ಸುಶೀಲಾ ಅಡಿಗೆಮನೆಯಿಂದ, "ಏನ್ರಿ, ಒಂದು ಮಾತು..." ಎಂದಳು. "ಬಂದು ಕೇಳ್ತೀನಿ" ಎಂದು ಚೀಲಕ್ಕೆ ಬಟ್ಟೆ ತುಂಬತೊಡಗಿದೆ.

ಮರುದಿನ ಗುರುವಾರ. ಗುರುವಾರ ಮಂತ್ರಾಲಯದ ಬಸ್ಸು ಹತ್ತುವವನಿಗೆ ಭಕ್ತಿಯಿರಬೇಕು, ಇಲ್ಲವೇ ಬುದ್ಧಿಯಿರಬಾರದು. ಒಂಟಿ ಕಾಲಲ್ಲಿ ನಿಂತು ಹೋದೆ. ಅಲ್ಲಿ ಪೂಜಾ ಸಾಮಾನಿನ ಅಂಗಡಿಯವರ ಮನೆ ಸೇರಿದ ದೊಡ್ಡ ತಂಗಿ ಇಂದಿರಾ ಪಂಕ್ತಿಗೆ ಬಡಿಸುತ್ತಿದ್ದಳು. ಯಾರ್ಯಾರ ನೆಂಟರೋ ಹನ್ನೊಂದು ಜನ, ನಾನು ಹನ್ನೆರಡನೆಯವನು. ಊಟವಾದ ಮೇಲೆ ದೇವರ ಪಟದ ಹಿಂದಿನಿಂದ ಹಾಳೆ ತೆಗೆದಳು: 'ನಿತ್ಯ ನೆಂಟರು ಬರುವ ಮನೆಯಲ್ಲಿ'. ನಾನು ಕೈ ಚಾಚಿದೆ. ಅವಳು ಹಾಳೆಯನ್ನು ಎದೆಗೊತ್ತಿಕೊಂಡಳು. "ಉಡಿ ತುಂಬಿದ್ದು ತಿರುಗಿ ಕೊಡ್ತಾರೇನಣ್ಣಾ? ಅತ್ತೀ ನನಗ ತುಂಬಿದ ಉಡಿ ಇದೊಂದ ಅದ." ನಾನು ನಾಗಲದಿನ್ನೆಯ ಬಸ್ಸು ಹಿಡಿದೆ.

ಅಲ್ಲಿ ಎರಡನೆಯ ತಂಗಿ ರಮಾಳ ಹಾಳೆ 'ಮಾಡಿದ ಸಾರಿಗೆ ಮತ್ತೆ ಉಪ್ಪು ಹಾಕುವ ಅತ್ತೆಯೊಡನೆ'. ಅವಳು ನನ್ನನ್ನು ಹಿತ್ತಲಿಗೆ ಕರೆದು ಅದನ್ನು ಪಿಸುದನಿಯಲ್ಲಿ ಓದಿ ತೋರಿಸುತ್ತಿದ್ದರೆ, ಒಳಗಿನಿಂದ ಅವಳ ಅತ್ತೆ, "ಆ ಹಾಳಿ ನಾ ಎಂದೋ ಓದೀನಿ ಬಿಡವಾ! ಅದಕ್ಕೇ ಈಗ ಉಪ್ಪು ಕಡಿಮಿ ಮಾಡೀನಿ" ಎಂದು ಕೂಗಿದರು. ಶುಕ್ರವಾರ ಆಲೂರಿಗೆ ಹೋದರೆ, ಕೊನೆಯ ತಂಗಿ ಕಮಲಾಳದು 'ಬಾಯಿ ಬಿಡದ ಗಂಡನೊಡನೆ'. ಅವಳ ಗಂಡ ಸರ್ಕಾರಿ ನೌಕರ. ಮದುವೆಯಾದಾಗಿನಿಂದ ನನ್ನೊಡನೆ ಆತ ಆಡಿದ ಮಾತು ಹತ್ತಿರಬಹುದು. ಅಂದು ಹಾಳೆ ನೋಡಿ, "ಇದೇಂಟಿ ಇದು? ಇಷ್ಟು ವರ್ಷ ನಂಗ ಹೇಳೇ ಇಲ್ಲಲ್ಲ!" ಎಂದು ಶುರುಮಾಡಿದಾತ ನನ್ನ ಬಸ್ಸು ಹೊರಡುವತನಕ ತೆಲುಗು ಕನ್ನಡ ಎರಡರಲ್ಲೂ ನಿಲ್ಲಿಸಲಿಲ್ಲ. ಹಾಳೆಯನ್ನು ಮಾತ್ರ ಈ ತಂಗಿಯರಿಬ್ಬರೂ ಕೊಡಲಿಲ್ಲ. ನಾಲ್ಕನೆಯದು ಯಾರ ಬಳಿಯೂ ಇರಲಿಲ್ಲ.

ಆದರೆ ತುಂಗತ್ತೆಯ ಹೆಸರು ಅವರಿಗೂ ನನ್ನಷ್ಟೇ ಬೇಕಿತ್ತು. ಶನಿವಾರ ಮಧ್ಯಾಹ್ನ ಮೂವರೂ ತಂತಮ್ಮ ಹಾಳೆ ಹಿಡಿದು ಬಸ್ಸಿಳಿದು ಬಂದರು. ಕೊಡುವುದಿಲ್ಲ, ತಾವೇ ಹಿಡಿದು ತೋರಿಸುತ್ತಾರಂತೆ. "ಫೋಟೋದಲ್ಲಿ ಬೆರಳು ಬೀಳುತ್ತದೆ" ಎಂದರು ವಿಮಲಾ. ನಾನು ಉಡಿಯ ವಿಷಯ ಹೇಳಿದೆ. ಅವರು ಕ್ಯಾಮೆರಾವನ್ನು ಕೊಂಚ ಮೇಲಕ್ಕೇರಿಸಿ, "ಬೀಳಲಿ ಬಿಡಿ" ಎಂದರು. ದೀಪ ಹತ್ತಿತು. ಮೂರು ಹಾಳೆ, ಆರು ಹೆಬ್ಬೆರಳು ಫಿಲ್ಮಿಗೆ ಹೋದವು. ಮೂವರೂ ಒಬ್ಬರ ಹಾಳೆ ಒಬ್ಬರು ಓದಿ, ತುಂಗತ್ತೆ ಗಂಡಿನ ಮನೆಯವರನ್ನು ಒಂದೇ ನೋಟಕ್ಕೆ ಹೇಗೆ ಅಳೆದಳೆಂದು ಬೆರಗಾದರು. ಗಡಿಯಾರ ಮಾತ್ರ ಓಡುತ್ತಿತ್ತು. "ಇನ್ನೊಂದಿಲ್ಲದಿದ್ದರೆ ಇಷ್ಟೂ ವ್ಯರ್ಥ" ಎಂದು ವಿಮಲಾ ಒಂದು ದೀಪ ಆರಿಸಿದರು. ನಾನು ಸೋತು ಕುಳಿತೆ. ಬೇರೆ ಯಾರೂ ಉಳಿದಿರಲಿಲ್ಲವಾದ್ದರಿಂದ, ಕಾಫಿ ತಂದ ಸುಶೀಲಾಳನ್ನು, "ನಿನಗೇನಾದರೂ ಗೊತ್ತದೇನು?" ಎಂದು ಕೇಳಿದೆ.

ಅವಳು ಒಳಗೆ ಹೋಗಿ ತನ್ನ ಟ್ರಂಕಿನಿಂದ ನಾಲ್ಕನೆಯ ಹಾಳೆ ತಂದಳು. ನಮ್ಮ ಮನೆಯಿಂದ ಹೋದವರನ್ನಷ್ಟೇ ನಾನು ಲೆಕ್ಕ ಹಾಕಿದ್ದೆ; ಬಂದವಳೊಬ್ಬಳಿದ್ದಾಳೆಂಬುದು ಹೊಳೆದಿರಲಿಲ್ಲ. "ಬುಧವಾರನ ಹೇಳಾಕ ಬಂದಿದ್ದೆ" ಎಂದಳು ಸುಶೀಲಾ. ವಿಮಲಾ ದೀಪದಡಿಯಲ್ಲಿ ಗಟ್ಟಿಯಾಗಿ ಓದಿದರು: "'ಊರೆಲ್ಲ ಕೇಳಿ ಮನೆಯಲ್ಲಿ ಕೇಳದ ಗಂಡನೊಡನೆ. ಇಂಥವನು ಕೆಟ್ಟವನಲ್ಲ. ತಿರುಗಿ ಬರಲಿ, ತಡೆಯಬೇಡ. ಕಡೆಗೆ ನಿನ್ನನ್ನೇ ಕೇಳುತ್ತಾನೆ. ಕೇಳಿದ ದಿನ ನಗಬೇಡ.'" ಇದು ಅಚ್ಚಾದದ್ದು ನಾನು ಹುಟ್ಟುವ ಮೊದಲು! ಸುಶೀಲಾ ತುಂಗತ್ತೆಯ ಮಾತು ಮೀರುವವಳಲ್ಲ, ನಗಲಿಲ್ಲ. ಉಳಿದ ನಾಲ್ವರೂ ಅವಳ ಪಾಲಿನದನ್ನೂ ಸೇರಿಸಿ ನಕ್ಕರು. ನಾನು ಮುಖ ತೊಳೆಯುವ ನೆವದಿಂದ ಬಚ್ಚಲಿಗೆ ಹೋದೆ.

ಪುಸ್ತಕ ಸಂಪೂರ್ಣವಾಗಿ ಡಬ್ಬಿ ಸೇರಿತು. ವಿಮಲಾ ಡಬ್ಬಿಯ ಮೇಲೆ ದುಂಡಗೆ 'ತುಂಗಾಬಾಯಿ, ಆದೋನಿ' ಎಂದು ಬರೆದಾಗ ನನ್ನ ಕಣ್ಣು ತುಂಬಿದ್ದು ನಿಜ. ಅವರನ್ನು ರೈಲು ಹತ್ತಿಸಿ ಬಂದ ಮೇಲೆ ಥಟ್ಟನೆ ನೆನಪಾಯಿತು, ಹಾಳೆಗೆ ಎರಡು ಮಗ್ಗಲಿರುತ್ತವೆ. ನಾಲ್ಕನೆಯದರ ಹಿಂದಿನ ಮಗ್ಗಲನ್ನು ಫೋಟೋ ತೆಗೆದದ್ದು ನಾನು ಬಚ್ಚಲಲ್ಲಿದ್ದಾಗ. ಅದರಲ್ಲಿ ನನ್ನ ಬಗ್ಗೆ ಇನ್ನೇನಿದೆಯೋ! ಹಾಳೆ ಸುಶೀಲಾಳ ಟ್ರಂಕಿನಲ್ಲಿತ್ತು, ಸುಶೀಲಾ ಅಡಿಗೆಮನೆಯಲ್ಲಿದ್ದಳು, ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆ ಗ್ರಂಥಾಲಯವಿರುವ ಊರಿಗೆ ಆದೋನಿಯಿಂದ ಯಾವ ರೈಲು ಹಿಡಿಯಬೇಕೆಂದು ಮರುದಿನ ಬೆಳಿಗ್ಗೆಯೇ ಸ್ಟೇಷನ್ನಿಗೆ ಹೋಗಿ ವಿಚಾರಿಸಿದೆ.