ಬ್ರೆಡ್ಡಿನ ಮೇಲೆ ಮೂಡಿದ ಅತ್ತೆ

ಮಾನ್ಯ ಪ್ರಧಾನ ವ್ಯವಸ್ಥಾಪಕರೇ,

ಲೇಸರ್ ಬೆಳಕಿನಿಂದ ಅಡುಗೆ ಮಾಡುವ ಯಂತ್ರವನ್ನು ಲೋಕಕ್ಕೆ ದಯಪಾಲಿಸಿದ ತಮಗೂ, ತಮ್ಮ ಕಂಪನಿಯ ಸಕಲ ಸಿಬ್ಬಂದಿಗೂ, ಅದರ ಕೈಪಿಡಿ ಬರೆದ ಅಜ್ಞಾತ ಮಹನೀಯರಿಗೂ, ಆ ಕೈಪಿಡಿಯನ್ನು ಕೊನೆಯವರೆಗೆ ಓದಿಯೂ ನೆಮ್ಮದಿಯಾಗಿರುವವರು ಯಾರಾದರೂ ಇದ್ದರೆ ಅವರಿಗೂ ಈ ಮನೆಯ ಸೊಸೆಯ ಅನಂತ ನಮಸ್ಕಾರಗಳು. ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಗುಟ್ಟಾಗಿ ಕಳಿಸಿದ ದೂರುಗಳಿಗೆಲ್ಲ ತಮ್ಮ ಕಚೇರಿಯಿಂದ 'ನಿಮ್ಮ ಸಂತೋಷವೇ ನಮ್ಮ ಸಂತೋಷ' ಎಂಬ ಒಂದೇ ಉತ್ತರ ಬರುತ್ತಿದ್ದು, ಅಷ್ಟು ಸಂತೋಷವಾಗಿರುವವರನ್ನು ಮತ್ತೆ ಮತ್ತೆ ಕೆಣಕಲು ನನಗೆ ಮನಸ್ಸಾಗಲಿಲ್ಲ.

ನಾನು ಮನೆಯಲ್ಲೇ ಕೂತು ಸಮವಸ್ತ್ರಗಳನ್ನು ಹೊಲಿಯುವವಳು. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು, ಆದ್ದರಿಂದ ಗುಂಡಿಯಿರುವ ಯಾವ ವಸ್ತುವನ್ನು ಕಂಡರೂ ಒತ್ತದೆ ಬಿಡುವವರಲ್ಲ. ನಮ್ಮ ಮಾವನವರು ಆಯುಷ್ಯವೆಲ್ಲ ಜನರಿಗೆ ಕಾರು ಓಡಿಸಲು ಕಲಿಸಿದವರು. ಈಗಲೂ ಮನೆಯಲ್ಲಿ ಯಾರಾದರೂ ಬಿರಬಿರನೆ ನಡೆದರೆ ಕೂತಲ್ಲೇ ಅವರ ಬಲಗಾಲು ಬ್ರೇಕ್ ಒತ್ತುತ್ತದೆ. ಕಳೆದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಆಮೇಲೆ ಮಾವನವರು ಊಟ ಬಿಟ್ಟರು. ಹಟ ಹಿಡಿದು ಬಿಟ್ಟದ್ದಲ್ಲ. ತಟ್ಟೆಯ ಮುಂದೆ ಕೂತು, ಏನೋ ಒಂದು ತುತ್ತು ಬಾಯಿಗಿಟ್ಟು, ಬಂದ ಕೆಲಸ ಮರೆತುಹೋದವರಂತೆ ಎದ್ದುಬಿಡುತ್ತಿದ್ದರು. ಡಾಕ್ಟರು ಎದೆ, ಹೊಟ್ಟೆ, ನಾಲಿಗೆ ಎಲ್ಲವನ್ನೂ ನೋಡಿ, ಯಾವ ಕಾಯಿಲೆಯೂ ಇಲ್ಲ, ತಿನ್ನಬೇಕು ಅನ್ನಿಸಬೇಕು ಅಷ್ಟೇ ಎಂದು ಹೇಳಿ ಕಳಿಸಿದರು. ಬೆಳಿಗ್ಗೆ ಹಾಲಿನ ಜೊತೆ ಕಾಯಿಸಿದ ಬ್ರೆಡ್ಡನ್ನು ಮಾತ್ರ ಅವರು ಹೇಗೋ ಮುಗಿಸುತ್ತಿದ್ದರು. ಅದೊಂದರ ಮೇಲೆಯೇ ಅವರು ನಿಂತಿದ್ದರು ಎಂದರೂ ತಪ್ಪಿಲ್ಲ.

ಇಂಥ ಹೊತ್ತಿನಲ್ಲಿ 'ಒಲ್ಲೆನೆಂದವರೂ ನೋಡಿ ಬಾಯಿ ತೆರೆಯುವರು' ಎಂಬ ತಮ್ಮ ಜಾಹೀರಾತು ನನ್ನ ಗಂಡನ ಕಣ್ಣಿಗೆ ಬಿತ್ತು. ಯಂತ್ರ ಮನೆಗೆ ಬಂದು, ಮಿಕ್ಸಿಯನ್ನು ನೆಲಕ್ಕಿಳಿಸಿ ಅದರ ಜಾಗದಲ್ಲಿ ತಾನು ಕೂತಿತು.

ತಮ್ಮ ಯಂತ್ರದ ಗುಣಗಾನ ಮಾಡದೆ ಮುಂದೆ ಹೋದರೆ ನಾನು ಕೃತಘ್ನಳಾದೇನು. ಅದು ಆಲೂಗಡ್ಡೆಯ ಮೇಲೆ 'ಸುಸ್ವಾಗತ' ಎಂದು ಎಷ್ಟು ಮುದ್ದಾಗಿ ಬರೆಯಿತೆಂದರೆ, ಅಕ್ಷರದ ಕೆಳಗೆ ಆಲೂಗಡ್ಡೆ ಹಸಿಯಾಗಿಯೇ ಉಳಿದದ್ದನ್ನು ಎತ್ತಿ ಆಡುವುದು ಸಣ್ಣತನವಾದೀತು. ಮೊಟ್ಟೆಯ ಮೇಲೆ ಅದು ನೇಯ್ದ ಜಾಲರಿಯನ್ನು ನೋಡಿ, ಇಂಥ ಕಸೂತಿ ನನ್ನ ಕೈಯಿಂದಲೂ ಆಗದು ಎಂದು ಒಪ್ಪಿಕೊಂಡೆ. ಜಾಲರಿಯ ಕಿಂಡಿಗಳಿಂದ ಹಳದಿ ಭಾಗ ಸೋರಿ ತಟ್ಟೆ ತುಂಬಿದ್ದು ಮೊಟ್ಟೆಯ ತಪ್ಪೇ ಇರಬೇಕು. ಅಡುಗೆಮನೆಯಲ್ಲಿರುವವರೆಲ್ಲ ಕಪ್ಪು ಕನ್ನಡಕ ಧರಿಸತಕ್ಕದ್ದು ಎಂಬ ತಮ್ಮ ಕಟ್ಟಪ್ಪಣೆಯನ್ನು ನಾವು ಚಾಚೂ ತಪ್ಪದೆ ಪಾಲಿಸಿದೆವು. ಎದುರುಮನೆಯಾಕೆ ಕಿಟಕಿಯಿಂದ ನೋಡಿ, ಇವರ ಮನೆಯಲ್ಲಿ ಎಲ್ಲರಿಗೂ ಕಣ್ಣುಬೇನೆಯೆಂದು ಬೀದಿಗೆಲ್ಲ ಹೇಳಿದ್ದರಿಂದ, ಹೊಲಿಗೆಗೆ ಬಟ್ಟೆ ತರುವವರು ಕೆಲವು ವಾರ ನನ್ನ ಬಾಗಿಲು ತುಳಿಯಲಿಲ್ಲ. ಇದರಿಂದ ದೊರೆತ ವಿಶ್ರಾಂತಿಗೂ ನಾನು ತಮಗೆ ಋಣಿ.

ಆಮೇಲೆ ನನ್ನ ಗಂಡನಿಗೆ, ಅಮ್ಮನ ಮುಖವನ್ನೇ ಬ್ರೆಡ್ಡಿನ ಮೇಲೆ ಮೂಡಿಸಿಕೊಟ್ಟರೆ ಅಪ್ಪ ಪ್ರೀತಿಯಿಂದ ತಿಂದಾರು ಎಂಬ ಆಲೋಚನೆ ಬಂತು. ನಾನು ಬೇಡವೆಂದೆ. ಆದರೆ ಬೇಡವೆನ್ನುವುದಕ್ಕೆ ಗುಂಡಿ ಇರುವುದಿಲ್ಲವಲ್ಲ, ಆದ್ದರಿಂದ ಅದು ಅವರಿಗೆ ಕೇಳಿಸಲಿಲ್ಲ. ನೀಲಿ ಬೆಳಕಿನ ಎಳೆ ಹೋಗಿ ಬಂದು, ಹೋಗಿ ಬಂದು, ಬಿಳಿ ಬ್ರೆಡ್ಡಿನ ಮೇಲೆ ಮೊದಲು ಬೈತಲೆ ಕಂಡಿತು, ಆಮೇಲೆ ಹುಬ್ಬು, ಆಮೇಲೆ ಗಲ್ಲದ ಪಕ್ಕದ ಮಚ್ಚೆ ಕೂಡ. ಈ ಒಂದು ವಿಷಯದಲ್ಲಿ ವ್ಯಂಗ್ಯವಿಲ್ಲದೆ ಹೇಳುತ್ತೇನೆ: ಅತ್ತೆ ಹಾಗೇ ಇದ್ದರು. ಸುಟ್ಟ ಬ್ರೆಡ್ಡಿನ ಘಮಲಿನ ನಡುವೆ ನಾವಿಬ್ಬರೂ ಕನ್ನಡಕ ತೆಗೆಯುವುದನ್ನು ಮರೆತು ನಿಂತುಬಿಟ್ಟೆವು.

ಮಾವನವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಬಹಳ ಹೊತ್ತು ನೋಡಿದರು. ಹಾಲು ಕೆನೆಗಟ್ಟಿತು. ಆಮೇಲೆ ನನ್ನ ಕಡೆ ತಿರುಗಿ, "ಇವಳನ್ನ ಹ್ಯಾಗಮ್ಮ ಕಚ್ಚಲಿ?" ಎಂದರು.

ಇದರ ವಿಧಾನ ತಮ್ಮ ಕೈಪಿಡಿಯಲ್ಲಿ ಇಲ್ಲ, ಹುಡುಕಿದ್ದೇನೆ. ಅವರು ಆ ಬ್ರೆಡ್ಡನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಕೋಣೆಗೆ ಒಯ್ದು ಕಿಟಕಿಯ ಅಂಚಿಗೆ ಒರಗಿಸಿಟ್ಟರು. ಇರುವೆ ಬಂದವು. ದಿನವಿಡೀ ಪಕ್ಕದಲ್ಲೇ ಕೂತು, ಮಡಿಸಿದ ಪತ್ರಿಕೆಯಿಂದ ಇರುವೆಗಳನ್ನು ನಿಧಾನವಾಗಿ ಆಚೆಗೆ ಸರಿಸುತ್ತಿದ್ದರು. ಮರುದಿನದಿಂದ ಬರಿಯ ಬ್ರೆಡ್ಡನ್ನು ಕೊಟ್ಟರೂ ಹಿಂದೆ ಮುಂದೆ ತಿರುಗಿಸಿ ನೋಡಿ, ಒಳಗೆಲ್ಲಾದರೂ ಅವಳಿರಬಹುದೆಂಬಂತೆ ಕೆಳಗಿಡತೊಡಗಿದರು. ಹೀಗೆ ಅವರು ತಿನ್ನುತ್ತಿದ್ದ ಒಂದೇ ಒಂದು ಪದಾರ್ಥವನ್ನೂ ಬಿಡಿಸಿದ ಕೀರ್ತಿ ತಮ್ಮ ಸಂಸ್ಥೆಗೆ ಸಲ್ಲುತ್ತದೆ. ಸಾವಿಗೂ ಆಗದಿದ್ದ ಕೆಲಸ ಅದು.

ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ನಾನು ಎಲ್ಲವನ್ನೂ ಹೇಳಿದೆ. ಅವಳು ಪಾಪ, ಬಾಯಿಪಾಠದಂತೆ, ಬೇರೆ ಫೋಟೋ ಹಾಕಿ ನೋಡಿ ಎಂದಳು. ನನ್ನ ಗಂಡ ತನ್ನ ಫೋಟೋ ಹಾಕಿದರು. ಮಾವನವರು ಅದನ್ನೂ ಪಕ್ಕಕ್ಕಿಟ್ಟು, ಮಗನ ಮುಖ ಮೊದಲೇ ಸೋತಿದೆ, ಕಾಯಿಸಿ ಮತ್ತಷ್ಟು ಕಪ್ಪು ಮಾಡಬೇಡ ಎಂದರು. ಗಂಡಹೆಂಡಿರ ನಡುವೆ ಮಾತು ಬೆಳೆಯಿತು. ಯಂತ್ರವನ್ನು ಕಟ್ಟಿ ಅಟ್ಟಕ್ಕೆ ಹಾಕಿ ಎಂದು ನಾನು, ಇನ್ನೊಂದೇ ಸಲ ಎಂದು ಅವರು. ಆ ಇನ್ನೊಂದು ಸಲದಲ್ಲಿ ಅವರು ಯಾವ ಗುಂಡಿ ಒತ್ತಿದರೋ, ಯಂತ್ರದ ನೆನಪೆಲ್ಲ ಅಳಿಸಿಹೋಗಿ, ಕಾರ್ಖಾನೆಯಿಂದ ಬಂದಾಗ ಅದರೊಳಗಿದ್ದ ಮಾದರಿ ಚಿತ್ರವೇ ಬ್ರೆಡ್ಡಿನ ಮೇಲೆ ಬಂತು. ಕೋಟು, ಟೈ, ತುಂಬಿದ ಕೆನ್ನೆ, ಗ್ರಾಹಕರನ್ನು ಕುರಿತ ಮುಗುಳ್ನಗೆ. ಕೆಳಗೆ ಸಣ್ಣಕ್ಷರದಲ್ಲಿ ತಮ್ಮ ಹುದ್ದೆ.

ಅದನ್ನು ಕಸಕ್ಕೆ ಹಾಕಲು ಒಯ್ಯುತ್ತಿದ್ದಾಗ ಮಾವನವರು ಅಡ್ಡಗಟ್ಟಿ, ಇದು ಯಾರು ಎಂದು ಕೇಳಿದರು. ಈ ಯಂತ್ರ ಮಾಡಿದ ಕಂಪನಿಯ ದೊಡ್ಡವರು ಎಂದೆ. ಅವರು ತಟ್ಟೆ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಇವನೇನಾ?" ಎಂದು ಕೇಳಿ, ಬ್ರೆಡ್ಡಿನ ಮೇಲಿದ್ದ ತಮ್ಮ ಎಡಗಿವಿಯನ್ನು ಕಚ್ಚಿದರು.

ಆಮೇಲೆ ಟೈ ಹೋಯಿತು. ಆಮೇಲೆ ಮುಗುಳ್ನಗೆ. ಹಣೆಯನ್ನು ಹಾಲಿಗೆ ಅದ್ದಿ ತಿಂದು ಮುಗಿಸಿ, ಇನ್ನೊಬ್ಬನಿದ್ದಾನೆಯೇ ಎಂದು ಕೇಳಿದರು. ಇನ್ನೊಬ್ಬರನ್ನು ಮಾಡಿಕೊಟ್ಟೆವು. ಅದನ್ನು ತಿನ್ನುತ್ತಾ, ಇಂಥವನು ಬಾಗಿಲಿಗೆ ಬಂದಿದ್ದರೆ ಅವಳು ಹೇಗೆ ಬೈದು ಓಡಿಸುತ್ತಿದ್ದಳೆಂದು ವರ್ಣಿಸತೊಡಗಿದರು. ಅತ್ತೆ ಹೋದ ಮೇಲೆ ಅವರ ಬಾಯಲ್ಲಿ ಅತ್ತೆಯ ಮಾತು ಬಂದದ್ದು ಅದೇ ಮೊದಲು. ಬೈಗುಳಗಳನ್ನು ಒಂದೊಂದಾಗಿ ಅತ್ತೆಯದೇ ರಾಗದಲ್ಲಿ ಹೇಳಿ ನಕ್ಕರು, ನಗುನಗುತ್ತಲೇ ಅತ್ತರು, ಅಳುತ್ತಲೇ ಅಗಿದರು. ನನ್ನ ಗಂಡ ಕಪ್ಪು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಯಂತ್ರವನ್ನು ಆಗಲೇ ಆರಿಸಿಯಾಗಿತ್ತು.

ಆ ಸಂಜೆ ಮಾವನವರು ಕಿಟಕಿಯ ಬ್ರೆಡ್ಡನ್ನು ತಾವೇ ಹೊರಗೆ ತಂದು ಕಾಂಪೌಂಡ್ ಗೋಡೆಯ ಮೇಲೆ ಪುಡಿಮಾಡಿ ಹರಡಿದರು. ಗುಬ್ಬಚ್ಚಿಗಳು ಇಳಿದವು. ಮುಗಿಯುವವರೆಗೂ ಅಲ್ಲೇ ನಿಂತಿದ್ದರು. "ಯಾರನ್ನೂ ಹಸಿದ ಹೊಟ್ಟೇಲಿ ಕಳಿಸಿದವಳಲ್ಲ ಅವಳು," ಎಂದು ಹೇಳಿ ಒಳಗೆ ಬಂದು, ರಾತ್ರಿಗೆ ಏನು ಅಡುಗೆ ಎಂದು ವಿಚಾರಿಸಿದರು.

ಆದಕಾರಣ, ಮಾನ್ಯರೇ, ನನ್ನ ದೂರು ಈಗ ಬೇಡಿಕೆಯಾಗಿ ಬದಲಾಗಿದೆ. ತಮ್ಮ ಒಂದೇ ಭಂಗಿಯನ್ನು ದಿನವೂ ತಿಂದು ಮಾವನವರಿಗೆ ಬೇಸರ ಬರುವ ಮುನ್ನ, ಕೋಪಗೊಂಡ, ಆಕಳಿಸುವ, ಲಾಭಾಂಶ ಘೋಷಿಸುವ ನಾನಾ ಭಂಗಿಗಳ ಫೋಟೋಗಳನ್ನು ಕಳಿಸಿಕೊಡಬೇಕು. ಆಡಳಿತ ಮಂಡಳಿಯ ಸದಸ್ಯರದ್ದೂ ಇರಲಿ; ವಾರಕ್ಕೊಬ್ಬರನ್ನು ತಿನ್ನಬಹುದು. ತಾವು ದಯವಿಟ್ಟು ತೆಳ್ಳಗಾಗಬಾರದು, ಏಕೆಂದರೆ ಕೆನ್ನೆ ಅಗಲವಿದ್ದಷ್ಟೂ ಬೆಣ್ಣೆ ಚೆನ್ನಾಗಿ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಕಾರಣಕ್ಕೂ ತಾವು ಖುದ್ದಾಗಿ ಬಂದು ಕ್ಷಮೆ ಕೇಳಬಾರದು. ಮಾವನವರು ಮೂಲತಃ ಮೃದು ಹೃದಯದವರು. ತಾವು ಒಳ್ಳೆಯವರೆಂದು ಗೊತ್ತಾದರೆ ಮತ್ತೆ ಊಟ ಬಿಟ್ಟಾರು.

ಪ್ರತಿ ಬೆಳಿಗ್ಗೆ ತಮ್ಮನ್ನು ಬೆಣ್ಣೆ ಸವರಿ ಸ್ಮರಿಸುವ,
ತಮ್ಮ ವಿಶ್ವಾಸಿ,
ಸೊಸೆ

ತಾ.ಕ.: ಇವತ್ತು ತಮ್ಮ ಕಂಪನಿಯ ಪರಿಣತರೊಬ್ಬರು ಕೊನೆಗೂ ಬಂದು ಯಂತ್ರವನ್ನು ತಪಾಸಣೆ ಮಾಡಿ, ಅದರಲ್ಲಿ ಲವಲೇಶವೂ ದೋಷವಿಲ್ಲ, ದೋಷವೆಲ್ಲ ನಾವು ತರುವ ಬ್ರೆಡ್ಡಿನದು ಎಂದು ತೀರ್ಪು ಕೊಟ್ಟರು. ಹೊರಡುವ ಮುಂಚೆ ಬಾಗಿಲಲ್ಲಿ ನಿಲ್ಲಿಸಿ, ನೆನಪಿಗಿರಲಿ ಎಂದು ಅವರದೊಂದು ಫೋಟೋ ತೆಗೆದುಕೊಂಡಿದ್ದೇವೆ. ಚೆನ್ನಾಗಿ ಬಂದಿದೆ. ಮಾವನವರು ಬೆಳಗಾಗುವುದನ್ನೇ ಕಾಯುತ್ತಿದ್ದಾರೆ.